ಆ ಪತಂಗಕ್ಕೆ ಹೊಟ್ಟೆ ಅಂಟಿಸಿದವರು ಯಾರು?

ಮಾನ್ಯ ಅಧ್ಯಕ್ಷರೇ, ಮುಖ್ಯ ಅತಿಥಿಗಳೇ, ಇಂದು ನಿವೃತ್ತಿಯ ದಿನ ಸನ್ಮಾನ ಸ್ವೀಕರಿಸಲು ಕುಳಿತಿರುವ ನಿರ್ದೇಶಕರೇ, ನಾಗರಿಕ ವೇದಿಕೆಯ ಪದಾಧಿಕಾರಿಗಳೇ, ಮತ್ತು ಚಹಾಕ್ಕೆ ಮೊದಲು ಇನ್ನೆಷ್ಟು ಭಾಷಣ ಬಾಕಿ ಎಂದು ಯೋಚಿಸುತ್ತಿರುವ ಸಭಿಕರೇ,

ಹದಿನಾರು ವರ್ಷಗಳ ಹಿಂದೆ, ಈ ವಸ್ತುಸಂಗ್ರಹಾಲಯದ ಶತಮಾನೋತ್ಸವದ ವಾರದಲ್ಲಿ, ಇದೇ ಸಭಾಂಗಣದ ಮೇಲಿನ ಮಹಡಿಯಲ್ಲಿ, ಒಂದು ಪತಂಗದ ಮೈಗೆ ಇನ್ನೊಂದು ಪತಂಗದ ಹೊಟ್ಟೆಯನ್ನು ಅಂಟಿಸಲಾಯಿತು. ಏಳು ವರ್ಷಗಳ ಹಿಂದೆ ಆ ಅಂಟಿನ ಅಪವಾದವನ್ನು ನನ್ನ ಅಕ್ಕನ ತಲೆಗೆ ಕಟ್ಟಿ, ಅವಳನ್ನು ಇಲ್ಲಿಂದ ಹೊರಗೆ ಕಳಿಸಲಾಯಿತು. ನಾಡಿದ್ದು ಬೆಳಿಗ್ಗೆ ಅವಳು ಕಣಿವೆಯಿಂದ ತಂದ ಪತಂಗಗಳನ್ನೆಲ್ಲ ಹಿತ್ತಲ ಕಸ ಸುಡುವ ಕುಲುಮೆಗೆ ಹಾಕಿ ಸುಡಲಾಗುತ್ತದೆ. ಹಾಗೆಂದು ಆದೇಶವಾಗಿದೆ. ಸೂಚನಾಫಲಕದಲ್ಲಿ ಹಚ್ಚಿದ್ದಾರೆ, ಹೋಗುವಾಗ ಬಾಗಿಲ ಪಕ್ಕ ನೋಡಿ.

ಕೆಲವರು ನಗುತ್ತಿದ್ದೀರಿ. ಹುಳದ ಹೊಟ್ಟೆಯ ವಿಷಯಕ್ಕೆ ಸನ್ಮಾನ ಸಭೆಯಲ್ಲಿ ಇಷ್ಟು ದೊಡ್ಡ ದನಿಯೇ ಎಂದು. ನಗಿ, ಪರವಾಗಿಲ್ಲ. ನನಗೂ ಒಂದು ಕಾಲದಲ್ಲಿ ನಗುವೇ ಬರುತ್ತಿತ್ತು.

ನನ್ನನ್ನು ಇಲ್ಲಿಗೆ ಕರೆದವರು ಓದುಗರ ಪ್ರತಿನಿಧಿಯೆಂದು ಕರೆದರು. ನಿರ್ದೇಶಕರ ಸಾಧನೆಯ ಕುರಿತು ನಾಲ್ಕು ಮಾತು ಆಡಿ ಎಂದರು. ಪತ್ರಿಕೆಗಳ ವಾಚಕರವಾಣಿಯಲ್ಲಿ ನನ್ನ ಹೆಸರು ನೋಡಿದ್ದೇ ಅವರ ಆಯ್ಕೆಗೆ ಕಾರಣವಿರಬೇಕು. ನಾನು ಯಾರ ತಂಗಿ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಅಚ್ಚಿನ ಮನೆಯಲ್ಲಿ ಕರಡು ತಿದ್ದಿ ತಲೆ ಹಣ್ಣಾದವಳು ನಾನು. ಈ ಊರಿನ ಆಮಂತ್ರಣ ಪತ್ರಿಕೆ, ವಾರ್ಷಿಕ ವರದಿ, ಸ್ಮರಣ ಸಂಚಿಕೆ, ಎಲ್ಲವೂ ನನ್ನ ಕಣ್ಣಿನ ಕೆಳಗೆ ಹಾದು ಹೋಗಿವೆ. ಯಾರು ಯಾವ ವರ್ಷ ಯಾವ ವೇದಿಕೆಯಲ್ಲಿ ಏನೆಂದರು ಎನ್ನುವುದು ನನಗೆ ಮರೆಯುವುದಿಲ್ಲ. ಇದು ಹೆಮ್ಮೆಯ ಮಾತಲ್ಲ, ಒಂದು ರೀತಿಯ ಕಾಯಿಲೆ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ನನಗಿಂತ ಮೊದಲು ಮಾತಾಡಿದ ಮೂವರೂ ಕೊಟ್ಟ ಸಮಯ ಮೀರಿದರು, ಆಗ ಗಡಿಯಾರ ಯಾರಿಗೂ ಕಾಣಲಿಲ್ಲ. ನನಗೂ ಅಷ್ಟೇ ಉದಾರತೆ ಇರಲಿ.

ಪತಂಗ ಎಂದರೆ ಏನು? ಸಂಜೆ ದೀಪ ಹಾಕಿದರೆ ಬಂದು ಬಡಿದುಕೊಳ್ಳುತ್ತದಲ್ಲ, ಬೆಳಿಗ್ಗೆ ನಾವು ಪೊರಕೆಯಿಂದ ಗುಡಿಸಿ ಹಾಕುತ್ತೇವಲ್ಲ, ಅದು. ಚಿಟ್ಟೆಗೆ ಸಿಗುವ ಮರ್ಯಾದೆ ಇದಕ್ಕೆ ಸಿಕ್ಕಿಲ್ಲ. ನನ್ನ ಅಕ್ಕ ಈ ಸಂಗ್ರಹಾಲಯದ ಕೀಟ ವಿಭಾಗದಲ್ಲಿ ಸಹಾಯಕ ಪಾಲಕಿಯಾಗಿದ್ದಳು. ಮೇಲಿನ ಕಣಿವೆಗೆ ಆಗ ರಸ್ತೆ ಇರಲಿಲ್ಲ. ಅಲ್ಲಿನ ಮರ, ಹಕ್ಕಿಗಳ ವಿಷಯ ಯಾರೋ ಅಷ್ಟಿಷ್ಟು ಬರೆದಿದ್ದರು. ಪತಂಗಗಳ ವಿಷಯ ಒಂದು ಸಾಲೂ ಇರಲಿಲ್ಲ. ಅಕ್ಕ ವರ್ಷ ವರ್ಷವೂ ಹೋದಳು. ಎರಡು ಕಂಬ ನೆಟ್ಟು ಬಿಳಿ ಬಟ್ಟೆ ಕಟ್ಟುವುದು, ಅದರ ಮುಂದೆ ದೀಪ ತೂಗುಹಾಕುವುದು, ಕಾಯುವುದು. ಒಂದು ಸಲ ನಾನೂ ಹೋಗಿದ್ದೆ. ಕತ್ತಲಾಗುತ್ತಿದ್ದಂತೆ ಬಟ್ಟೆಯ ಮೇಲೆ ಒಂದು, ಹತ್ತು, ಆಮೇಲೆ ಬಟ್ಟೆಯೇ ಕಾಣದಷ್ಟು. ಬೂದಿ ಬಣ್ಣ, ತೊಗಟೆ ಬಣ್ಣ, ಒಂದಂತೂ ಒಡೆದ ಗಾಜಿನಂತೆ ಹಸಿರು. ಅಕ್ಕ ಬಟ್ಟೆಗೆ ಮೂಗು ತಾಗುವ ಹಾಗೆ ನಿಂತು, "ಇವನ್ಯಾರೋ ಗೊತ್ತಿಲ್ಲ ಕಣೆ... ಇವಳೂ ಗೊತ್ತಿಲ್ಲ... ಅಯ್ಯೋ, ಇಲ್ಲಿ ಯಾರೂ ಪರಿಚಯದವರೇ ಇಲ್ವಲ್ಲೇ!" ಎಂದು ನಗುತ್ತಿದ್ದಳು. ಮದುವೆ ಮನೆಗೆ ಬಂದವರ ಹಾಗೆ. ಅವಳು ಅಷ್ಟು ಜೋರಾಗಿ ನಕ್ಕಿದ್ದನ್ನು ನಾನು ಮನೆಯಲ್ಲಿ ಕಂಡಿಲ್ಲ.

ಮದುವೆ ಎಂದಾಗ ನೆನಪಾಯಿತು. ನನ್ನ ಮದುವೆಯ ಮಾತುಕತೆಗೆಂದು ಒಬ್ಬರು ತಾಯಿ, ಮಗ ನಮ್ಮ ಮನೆಗೆ ಬಂದಿದ್ದರು. ಆ ತಾಯಿ ನೀರು ತೆಗೆದುಕೊಳ್ಳಲು ತಾವೇ ಫ್ರಿಜ್ ತೆರೆದರು. ಹಾಲಿನ ಪಾತ್ರೆಯ ಪಕ್ಕ ಅಕ್ಕನ ಡಬ್ಬಿ. ಸತ್ತಿವೆಯೆಂದುಕೊಂಡ ಪತಂಗಗಳಲ್ಲಿ ಎರಡಕ್ಕೆ ಇನ್ನೂ ಜೀವವಿತ್ತು, ಬೆಚ್ಚಗಾಗುತ್ತಲೇ ಎದ್ದು ಅವರ ಮುಖಕ್ಕೇ ಹಾರಿದವು. "ಇದೇನು ಮನೆಯೋ ಗೂಡೋ?" ಎಂದರು. ಅಕ್ಕ ಪತಂಗದ ಹಿಂದೆ ಓಡುತ್ತ, "ಅಮ್ಮಾ, ಅಲುಗಾಡಬೇಡಿ, ನಿಮ್ಮ ಕೂದಲಲ್ಲಿರೋದು ಹೆಣ್ಣು, ಹೆಣ್ಣು ಸಿಗೋದೇ ಕಷ್ಟ!" ಎಂದಳು. ಅವರು ಮತ್ತೆ ಬರಲಿಲ್ಲ. ಮಗ ನನ್ನಿಂದ ಒಂದು ಪುಸ್ತಕ ಎರವಲು ಪಡೆದಿದ್ದರು, ಅದೂ ಬರಲಿಲ್ಲ. ದಪ್ಪ ರಟ್ಟಿನ ಒಳ್ಳೆಯ ಪುಸ್ತಕ. ಇರಲಿ, ವಿಷಯ ಅದಲ್ಲ.

ವಿಷಯ ಹೊಟ್ಟೆಯದು. ರೆಕ್ಕೆ ನೋಡಿ ಪತಂಗವನ್ನು ಗುರುತಿಸಲು ಎಷ್ಟೋ ಸಲ ಆಗುವುದಿಲ್ಲ. ಹತ್ತು ಜಾತಿ ಒಂದೇ ಬೂದಿ ಬಣ್ಣ ಹೊದ್ದು ಕೂತಿರುತ್ತವೆ. ನಿಜವಾದ ಗುರುತು ಹೊಟ್ಟೆಯ ತುದಿಯಲ್ಲಿ, ಗಂಡು ಹೆಣ್ಣು ಕೂಡುವ ಅಂಗಗಳಲ್ಲಿ ಇರುತ್ತದೆ. ಮುಂದಿನ ಸಾಲಿನ ಹಿರಿಯರು ಮುಜುಗರ ಪಡಬೇಕಿಲ್ಲ, ಇದು ವಿಜ್ಞಾನ. ಒಂದೊಂದು ಜಾತಿಗೂ ಒಂದೊಂದು ಬೀಗ, ಒಂದೊಂದು ಕೀಲಿ. ಹಾಗಾಗಿ ಹೊಸ ಜಾತಿಯೆಂದು ಹೇಳಬೇಕಾದರೆ ಒಣಗಿದ ಪತಂಗದ ಹೊಟ್ಟೆಯನ್ನು ಮುರಿದು, ಕ್ಷಾರದ ನೀರಿನಲ್ಲಿ ಕುದಿಸಿ, ಮಾಂಸ ತೊಳೆದು, ಉಳಿದ ಗಟ್ಟಿ ಭಾಗವನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಹಾಗೆ ನೋಡಿ ವರ್ಣಿಸಿದ ಆ ಒಂದು ಪತಂಗವೇ ಆ ಹೆಸರಿಗೆ ಶಾಶ್ವತ ಸಾಕ್ಷಿ. ಮುಂದೆ ಯಾರಿಗೆ ಅನುಮಾನ ಬಂದರೂ ಅದನ್ನೇ ತೆಗೆದು ನೋಡಬೇಕು. ಅದು ಹೋದರೆ ಹೆಸರು ಗಾಳಿಯಲ್ಲಿ ನಿಲ್ಲುತ್ತದೆ.

ಒಣಗಿದ ಪತಂಗದ ಹೊಟ್ಟೆ ಉಸಿರು ತಾಗಿದರೂ ಉದುರುತ್ತದೆ. ಉದುರಿದರೆ ಅದನ್ನು ಒಂದು ಖಾಲಿ ಕ್ಯಾಪ್ಸೂಲಿನಲ್ಲಿ ಹಾಕಿ ಅದೇ ಪತಂಗವನ್ನು ನಿಲ್ಲಿಸಿದ ಸೂಜಿಗೆ ಚುಚ್ಚಿಡಬೇಕು. ಯಾವುದರದ್ದೆಂದು ಗೊತ್ತಿಲ್ಲದಿದ್ದರೆ ಬೇರೆಯೇ ಇಡಬೇಕು. ಯಾವ ಕಾರಣಕ್ಕೂ ಅಂದಾಜಿನಲ್ಲಿ ಜೋಡಿಸಬಾರದು. ಇದು ಈ ಕೆಲಸದವರ ಮೊದಲ ಪಾಠ. ನಮ್ಮ ಮನೆಯಲ್ಲಿ ಅಮ್ಮನ ಮಾತ್ರೆಯ ಕ್ಯಾಪ್ಸೂಲು ಬಿಚ್ಚಿ, ಪುಡಿಯನ್ನು ಜೇನಿನಲ್ಲಿ ಕಲಸಿ ಅಮ್ಮನಿಗೆ, ಖಾಲಿ ಕ್ಯಾಪ್ಸೂಲು ಪತಂಗಕ್ಕೆ. "ಈ ಮನೇಲಿ ನನಗಿಂತ ಆ ಹುಳಕ್ಕೇ ಔಷಧೋಪಚಾರ ಜಾಸ್ತಿ" ಎಂದು ಅಮ್ಮ ಮುಖ ಸಿಂಡರಿಸಿ ನುಂಗುತ್ತಿದ್ದರು. ಅಂಥ ಮನೆಯಿಂದ ಬಂದವಳು ಹೊಟ್ಟೆ ಅಂಟಿಸಿದಳಂತೆ.

ಈಗ ಶತಮಾನೋತ್ಸವಕ್ಕೆ ಬರುತ್ತೇನೆ. ಇಂದಿನ ನಿರ್ದೇಶಕರು ಆಗ ಮುಖ್ಯ ಪಾಲಕರು. ಅಕ್ಕ ಕಣಿವೆಯಲ್ಲಿದ್ದಳು. ಹೋಗುವಾಗ ಪತಂಗದ ಪೆಟ್ಟಿಗೆಗಳ ಬೀರುವಿನ ಕೀಲಿಯನ್ನು ಮುಖ್ಯ ಪಾಲಕರಿಗೆ ಒಪ್ಪಿಸಿ ಹೋಗುವುದು ನಿಯಮ, ಒಪ್ಪಿಸಿಯೇ ಹೋಗಿದ್ದಳು. ದೊಡ್ಡ ದೊಡ್ಡವರು ಬರುವವರಿದ್ದರು. ಪ್ರದರ್ಶನಕ್ಕೆಂದು ಕೀಟಗಳ ಪೆಟ್ಟಿಗೆಗಳನ್ನು ಕೆಳಗಿಳಿಸುವಾಗ ಮೆಟ್ಟಿಲಲ್ಲಿ ಕೈಜಾರಿ ಬಿದ್ದವು. ಇದನ್ನು ನಾನು ಊಹಿಸಿ ಹೇಳುತ್ತಿಲ್ಲ. ಉದ್ಘಾಟನೆಯ ದಿನ ನಿರ್ದೇಶಕರೇ ಇದೇ ಮೈಕಿನ ಮುಂದೆ ನಿಂತು ಹೇಳಿದರು: "ಕಳೆದ ವಾರ ನಮ್ಮ ಪೆಟ್ಟಿಗೆಗಳು ಬಿದ್ದು ಎಲ್ಲ ಚೂರುಚೂರಾಗಿತ್ತು. ಇವತ್ತು ನೋಡಿ, ಮುರಿದದ್ದು ಒಂದೂ ನಿಮಗೆ ಕಾಣುವುದಿಲ್ಲ!" ಚಪ್ಪಾಳೆ ಬಿತ್ತು. ಇಲ್ಲಿರುವ ಬಿಳಿ ತಲೆಗಳಲ್ಲಿ ಅರ್ಧದಷ್ಟು ಅಂದೂ ಇಲ್ಲಿದ್ದವು, ಆಗ ಕಪ್ಪಗಿದ್ದವು ಅಷ್ಟೇ. ಮುರಿದದ್ದು ಗಾಜು, ಮರ ಎಂದುಕೊಂಡೆವು. ಬೇರೇನು ಮುರಿದಿರಬಹುದು ಎಂದು ನಮಗೆ ಹೇಗೆ ತೋಚಬೇಕು?

ಅಕ್ಕ ಹಿಂತಿರುಗಿದಾಗ ಪೆಟ್ಟಿಗೆಗಳು ಬೀರುವಿನಲ್ಲಿ ಸ್ವಸ್ಥಾನದಲ್ಲಿದ್ದವು. ಹೊಸ ಗಾಜು ಹಾಕಿದ್ದಾರೆ ಎಂದು ಅವಳಿಗೆ ಸಂತೋಷವೇ ಆಯಿತು. ಬಿದ್ದ ಸುದ್ದಿ ಯಾರೂ ಹೇಳಲಿಲ್ಲ, ಒಡೆದದ್ದು ಗಾಜಷ್ಟೇ ಎಂದುಕೊಂಡ ನಾನೂ ಹೇಳಲಿಲ್ಲ. ಹೊಸ ಜಾತಿಯನ್ನು ವರ್ಣಿಸುವುದು ತಿಂಗಳ ಕೆಲಸವಲ್ಲ. ಲೋಕದ ಸಂಗ್ರಹಗಳಲ್ಲಿ ಇಂಥದ್ದು ಇಲ್ಲವೆಂದು ಮೊದಲು ಖಚಿತವಾಗಬೇಕು. ಅವಳು ಒಂದೊಂದಾಗಿ ಹದಿಮೂರು ಹೊಸ ಜಾತಿಗಳನ್ನು ಪ್ರಕಟಿಸಿದಳು. ಆ ಪೈಕಿ ಒಂದರ ರೆಕ್ಕೆ ಒಂದು ಕುಟುಂಬದ ಹಾಗೆ, ಹೊಟ್ಟೆ ಇನ್ನೊಂದು ಕುಟುಂಬದ ಹಾಗೆ. ಇಂಥದ್ದು ಎಲ್ಲೂ ಇಲ್ಲ! ಅವಳು ನಂಬಲಿಲ್ಲ. ಅಂಥದ್ದೇ ಇನ್ನೊಂದನ್ನು ನೋಡಿದಳು, ಅದೂ ಹಾಗೆಯೇ. ಕಣಿವೆಯೇ ಅಂಥದ್ದು, ಅಲ್ಲಿ ಪರಿಚಯದವರೇ ಇಲ್ಲವಲ್ಲ ಎಂದು ಕೊನೆಗೆ ಬರೆದಳು. ಮೈಮೇಲಿನ ಕೂದಲಿನಲ್ಲಿ ಕೀಲು ಮುಚ್ಚಿಹೋಗಿತ್ತು. ಕ್ಷಾರದಲ್ಲಿ ಕುದಿಸಿದ ಮೇಲೆ ಹೊಟ್ಟೆಯ ಕಡೆಯ ಗೋಂದು ಕರಗಿಹೋಗಿತ್ತು. ತಪ್ಪು ಎಲ್ಲಿಂದ ಕಾಣಬೇಕು?

ಕಂಡಿದ್ದು ದೂರದ ದೊಡ್ಡ ಸಂಗ್ರಹಾಲಯವೊಂದರ ತಜ್ಞರಿಗೆ. ಅಂಥದ್ದೇ ಮೂರನೆಯದನ್ನು ಎರವಲು ತರಿಸಿ ನೋಡಿದರು. ಸೊಂಟದ ಸುತ್ತ ಗೋಂದಿನ ಉಂಗುರ. ಇದು ಕೃತಕ ಎಂದು ಬರೆದರು. ಅವರದೇನೂ ತಪ್ಪಿಲ್ಲ, ಕಂಡದ್ದನ್ನು ಬರೆದರು.

ವಿಚಾರಣೆ ನಡೆಯಿತು. ನಾನು ಹೊರಗೆ ಬೆಂಚಿನ ಮೇಲೆ ಕೂತಿದ್ದೆ, ಬಾಗಿಲ ಮೇಲಿನ ಕಿಂಡಿಯಿಂದ ಎಲ್ಲ ಕೇಳುತ್ತಿತ್ತು.

"ಬೀರುವಿನ ಕೀಲಿ ಯಾರ ಹತ್ತಿರ ಇರ್ತಿತ್ತು?"

"ನನ್ನ ಹತ್ತಿರ. ಕಣಿವೆಗೆ ಹೋದಾಗ ಸಾಹೇಬರ ಹತ್ತಿರ."

"ಏನ್ ಸಾಹೇಬ್ರೇ, ನೀವು ಯಾವತ್ತಾದ್ರೂ ಆ ಪೆಟ್ಟಿಗೆ ತೆಗೆಸಿದ್ರಾ?"

ಆಮೇಲೆ ಸ್ವಲ್ಪ ಹೊತ್ತು ಫ್ಯಾನಿನ ಸದ್ದು ಮಾತ್ರ. ಆಮೇಲೆ ನಮ್ಮ ನಿರ್ದೇಶಕರ ದನಿ: "ನನಗೆ ನೆನಪಿಲ್ಲ." ಶತಮಾನೋತ್ಸವದ ಮೈಕಿನಲ್ಲಿ ಕೇಳಿದ ಮಾತು ಈ ಪೆಟ್ಟಿಗೆಯದೇ ಎಂದು ಹೊರಗೆ ಕೂತ ನನಗೂ ಹೊಳೆಯಲಿಲ್ಲ.

"ನಾನು ಅಂಟ್ಸಿಲ್ಲ ಸಾರ್" ಎಂದಳು ಅಕ್ಕ.

"ಹಾಗಾದ್ರೆ ತಾನೇ ಹೋಗಿ ಅಂಟ್ಕೊಂಡಿತೇನಮ್ಮ, ಪ್ರೀತಿಯಿಂದ?"

ಎಲ್ಲರೂ ನಕ್ಕರು. ಆ ನಗುವಿನಲ್ಲಿ ನಮ್ಮ ನಿರ್ದೇಶಕರ ದನಿಯೂ ಇತ್ತು.

ಹದಿಮೂರೂ ಸಂಶಯಾಸ್ಪದ ಎಂದಾಯಿತು. ಒಂದು ಸುಳ್ಳಾದರೆ ಉಳಿದದ್ದನ್ನು ಯಾರು ನಂಬುತ್ತಾರೆ? ಅಕ್ಕ ರಾಜೀನಾಮೆ ಕೊಟ್ಟಳು. ಮನೆಯಲ್ಲಿ ಸಂಜೆ ಹೊರಗಿನ ದೀಪ ಹಾಕುವುದನ್ನೇ ಬಿಟ್ಟಳು. ನಾನು ಅಚ್ಚಿನ ಮನೆಯಿಂದ ಬರುವಾಗ ನಮ್ಮ ಬೀದಿಯಲ್ಲಿ ನಮ್ಮದೊಂದೇ ಕತ್ತಲ ಬಾಗಿಲು. ತಡಕಾಡಿ ಬೀಗ ತೆಗೆಯುತ್ತಿದ್ದೆ. 

ಹೌದು, ಚೀಟಿ ಬಂತು. "ದಯವಿಟ್ಟು ಮುಗಿಸಿ." ಮುಗಿಸುತ್ತೇನೆ. ಮೈಕು ನಿಲ್ಲಿಸುವ ಯೋಚನೆ ಇದ್ದರೆ ಒಂದು ಮಾತು. ಮುದ್ರಣ ಯಂತ್ರದ ಪಕ್ಕ ನಿಂತು ಜೀವಮಾನವೆಲ್ಲ ಮಾತಾಡಿದವಳು ನಾನು, ಹಿಂದಿನ ಸಾಲಿಗೂ ಕೇಳಿಸುತ್ತೇನೆ.

ಎರಡು ತಿಂಗಳ ಹಿಂದೆ ಅಚ್ಚಿನ ಮನೆಗೆ ಒಬ್ಬರು ಬಂದರು. ಈ ಊರಿನ ಎಲ್ಲ ವೇದಿಕೆಗಳಿಗೂ ಹಿಂದಿನ ಪರದೆ, ಅಕ್ಷರ, ಅಲಂಕಾರ ಮಾಡುವವರು. ಎಲ್ಲರೂ ಪರದೆ ಮಾಮ ಎನ್ನುತ್ತೇವೆ. ಅಕ್ಕ ಹೇಗಿದ್ದಾಳೆ ಎಂದು ಕೇಳಿದರು. ಮನೆಯಲ್ಲೇ ಇದ್ದಾಳೆ ಎಂದೆ.

"ಹುಳದ ಕೆಲಸ ಬಿಟ್ಬಿಟ್ರಾ? ಅಯ್ಯೋ ಪಾಪ. ಅವರ ಹುಳಗಳಿಗೆ ಬಾಲ ಕೂರ್ಸಿದ್ದೇ ನಾನು ಅಲ್ವಾ!"

"ಯಾವ ಬಾಲ ಮಾಮ?"

"ಅದೇ, ನೂರು ವರ್ಷದ ಫಂಕ್ಷನ್ನಲ್ಲಿ. ಪೆಟ್ಟಿಗೆ ಬಿದ್ದು ಬಾಲಗಳೆಲ್ಲ ಒಂದು ಕಡೆ, ರೆಕ್ಕೆಗಳೆಲ್ಲ ಒಂದು ಕಡೆ. ಯಾವ್ದು ಯಾವ್ದಕ್ಕೆ ಸಾಹೇಬ್ರೇ ಅಂದೆ. ಸಾಹೇಬ್ರು ಪಕ್ಕದಲ್ಲೇ ನಿಂತಿದ್ರು. ಅಳತೆ ನೋಡಿ ಅಂಟಿಸಯ್ಯ, ಯಾರು ಹೊಟ್ಟೆ ಬಗೆದು ನೋಡ್ತಾರೆ ಅಂದ್ರು. ಒಂದೇ ಥರದ ರೆಕ್ಕೆಗಳಿಗೆಲ್ಲ ಒಂದೇ ಥರದ ಬಾಲ ನೋಡಿ ಅಂಟ್ಸಿದೆ. ಕೂಡ್ಸಿದ ಜಾಗ ಬೆಳ್ಳಗೆ ಕಾಣ್ತಿತ್ತು, ಗೋಂದಿಗೆ ಒಂಚೂರು ಕಂದು ಬಣ್ಣ ಬೆರ್ಸಿದೆ. ಏನ್ ಕೆಲಸ ಅದು! ಯಾರ ಕಣ್ಣಿಗೂ ಬೀಳ್ಲಿಲ್ಲ ನೋಡು."

ಸಭಿಕರೇ, ಅವರು ಹೆಮ್ಮೆಯಿಂದ ಹೇಳುತ್ತಿದ್ದರು. ಅಕ್ಕನಿಗೆ ಉಪಕಾರ ಮಾಡಿದೆನೆಂದೇ ಅವರ ಭಾವನೆ. ನಾನು ಎಲ್ಲ ಹೇಳಿದ ಮೇಲೆ ಅವರು ಕುರ್ಚಿಯಲ್ಲಿ ಕೂತುಬಿಟ್ಟರು. "ನನ್ನನ್ನ ಯಾರಾದ್ರೂ ಕೇಳಿದ್ರೆ ಆವಾಗ್ಲೇ ಹೇಳ್ತಿದ್ನಲ್ಲಮ್ಮ" ಎಂದರು. ಅವರನ್ನು ಯಾರೂ ಕೇಳಿರಲಿಲ್ಲ. ಇವತ್ತು ನನ್ನ ಹಿಂದೆ ಇರುವ ಪರದೆಯೂ ಅವರದೇ. ಕೊನೆಯ ಬಾಗಿಲ ಬಳಿ ನಿಂತಿದ್ದಾರೆ. ಎಲ್ಲರೂ ಒಮ್ಮೆಗೇ ತಿರುಗಬೇಡಿ, ಸಂಕೋಚದ ಮನುಷ್ಯ.

ಒಬ್ಬರ ಮಾತು ಸಾಲದು ಎನ್ನುವಿರಿ. ನಾನೂ ಹಾಗೇ ಅಂದುಕೊಂಡೆ. ಮರುದಿನ ಎಲ್ಲ ನಾಗರಿಕರ ಹಾಗೆ ಟಿಕೆಟ್ ಕೊಂಡು ಕೆಳಗಿನ ಪ್ರದರ್ಶನದಲ್ಲಿರುವ ಗಾಜಿನ ಪೆಟ್ಟಿಗೆಯ ಮುಂದೆ ನಿಂತೆ, ಕರಡು ತಿದ್ದುವ ಭೂತಗನ್ನಡಿ ಹಿಡಿದು. ಆ ಪೆಟ್ಟಿಗೆಯೂ ಅಂದು ಬಿದ್ದದ್ದೇ ಎಂದು ಮಾಮ ಹೇಳಿದ್ದರು. ಅದರಲ್ಲಿರುವ ಪತಂಗಗಳು ಅಕ್ಕ ಕೆಲಸಕ್ಕೆ ಸೇರುವ ಮುಂಚಿನವು, ಅವಳು ಯಾವತ್ತೂ ಮುಟ್ಟದವು. ನಡುವಿನ ಸಾಲಿನಲ್ಲಿ ಒಂದು ದೊಡ್ಡ ಪತಂಗ. ನಿರ್ದೇಶಕರು ಯುವಕರಾಗಿದ್ದಾಗ ಅವರ ಗುರುಗಳು ಅವರ ಗೌರವಾರ್ಥ ಅವರ ಹೆಸರನ್ನೇ ಇಟ್ಟ ಪತಂಗ. ಇಂದಿನ ಸ್ಮರಣ ಸಂಚಿಕೆಯ ಮುಖಪುಟದಲ್ಲಿರುವುದು ಅದೇ. ಅದರ ಸೊಂಟದ ಸುತ್ತ, ಸಭಿಕರೇ, ಕಂದು ಬಣ್ಣದ ತೆಳ್ಳಗಿನ ಉಂಗುರ.

ನಿರ್ದೇಶಕರೇ, ನಿಮ್ಮ ಹೆಸರಿನ ಪತಂಗ ಯಾರ ಹೊಟ್ಟೆ ಹೊತ್ತು ನಿಂತಿದೆ ಎಂದು ನಿಮಗೆ ಗೊತ್ತೇ? ಗೋಂದು ಇದ್ದದ್ದೆಲ್ಲ ಮೋಸವೆಂದಾದರೆ ಅದನ್ನೂ ಕುಲುಮೆಗೆ ಹಾಕುತ್ತೀರಾ?

ಆ ಸಂಜೆ ಅಕ್ಕನಿಗೆ ಹೇಳಿದೆ. ಅಳುತ್ತಾಳೆ ಎಂದುಕೊಂಡೆ, ಸಿಟ್ಟಾಗುತ್ತಾಳೆ ಎಂದುಕೊಂಡೆ. ನಿಜ ಹೇಳಬೇಕೆಂದರೆ, ಸಿಟ್ಟಾಗಲಿ ಎಂದು ಆಸೆಪಟ್ಟೆ. ಇಷ್ಟು ವರ್ಷ ಆ ಸಿಟ್ಟನ್ನೂ ನಾನೊಬ್ಬಳೇ ಹೊತ್ತಿದ್ದೆ. ಅವಳು ಬೆರಳಿನಿಂದ ಮೇಜಿನ ಮೇಲೆ ಏನೋ ಬರೆದಳು, ಅಳಿಸಿದಳು.

"ಹಾಗಾದ್ರೆ ರೆಕ್ಕೆ ಒಬ್ಬನದು, ಹೊಟ್ಟೆ ಇನ್ನೊಬ್ಬನದು" ಎಂದಳು.

"ಹೂಂ."

"ಎರಡೂ ಕಣಿವೆಯವೇ ಕಣೆ. ಆ ಹೊಟ್ಟೆಯಂಥದ್ದು ಬೇರೆ ಎಲ್ಲೂ ಇಲ್ಲ, ನಾನು ಎಲ್ಲ ಕಡೆ ಹುಡುಕಿದೀನಿ. ಆ ರೆಕ್ಕೆಯಂಥದ್ದೂ ಇಲ್ಲ. ನಾನು ಒಂದು ಅಂತ ಬರೆದೆ, ಅಲ್ಲಿ ಎರಡಿದ್ವು! ಎರಡೂ ಹೊಸವೇ! ಪೆಟ್ಟಿಗೆ ಕೊಟ್ರೆ ಬಿಡಿಸಿ ತೋರಿಸ್ತೀನಿ. ಉಳಿದ ಹನ್ನೆರಡಕ್ಕೂ ಗೋಂದಿದೆಯೋ ಇಲ್ವೋ ಒಂದೊಂದಾಗಿ ನೋಡ್ಬಹುದು."

ಏಳು ವರ್ಷದ ಅಪಮಾನಕ್ಕೆ ಅವಳ ಲೆಕ್ಕದಲ್ಲಿ ಉತ್ತರ ಇದು: ಒಂದಲ್ಲ, ಎರಡು. ಕಣ್ಣು ಹೊಳೆಯುತ್ತಿತ್ತು. ಮರುವಾರವೇ ಸೂಚನಾಫಲಕದಲ್ಲಿ ಆದೇಶ ಬಂತು. ನಿವೃತ್ತಿಗೆ ಮುನ್ನ ನಿರ್ದೇಶಕರ ಕೊನೆಯ ರುಜು: ಸಂಶಯಾಸ್ಪದ ಮಾದರಿಗಳನ್ನು ಸುಟ್ಟು ಬೀರು ಖಾಲಿ ಮಾಡುವುದು. ಅಕ್ಕ ಅರ್ಜಿ ಕೊಟ್ಟಳು, ಬಾಗಿಲಲ್ಲೇ ತಡೆದರು. ನಾನು ಮೂರು ಬಾರಿ ಬಂದೆ, ಸಾಹೇಬರು ಸನ್ಮಾನದ ಸಿದ್ಧತೆಯಲ್ಲಿದ್ದಾರೆ ಎಂದರು.

ಮತ್ತೆ ಕಣಿವೆಗೆ ಹೋಗಿ ಹಿಡಿದು ತರಬಹುದಲ್ಲ ಎನ್ನುವವರಿಗೆ ಹೇಳುತ್ತೇನೆ. ಕಣಿವೆ ಇಲ್ಲ. ಅಣೆಕಟ್ಟೆ ಬಂತು, ಈಗ ಅಲ್ಲಿ ನೀರು ನಿಂತಿದೆ. ನಾವು ಬಟ್ಟೆ ಕಟ್ಟಿದ್ದ ಜಾಗದ ಮೇಲೆ ದೋಣಿ ಹೋಗುತ್ತದೆ. ಆ ಪತಂಗಗಳು ಈ ಭೂಮಿಯ ಮೇಲೆ ಉಳಿದಿರುವುದು ಮೇಲಿನ ಮಹಡಿಯ ಆ ಬೀರುವಿನಲ್ಲಿ ಮಾತ್ರ. ನಾಡಿದ್ದು ಅವನ್ನು ಸುಟ್ಟರೆ, ಅವು ಸತ್ತವೆಂದು ಹೇಳಲೂ ಆಗುವುದಿಲ್ಲ. ಅವು ಇದ್ದವೆಂದೇ ಯಾರೂ ಒಪ್ಪುವುದಿಲ್ಲ. ಜೊತೆಗೆ ನನ್ನ ಅಕ್ಕ ಎಂದೆಂದಿಗೂ ಗೋಂದು ಹಚ್ಚಿದವಳು.

ಇವತ್ತು ಹೊರಡುವಾಗ ಅಕ್ಕ ಬಾಗಿಲಿಗೆ ಬಂದು, "ಸನ್ಮಾನದ ದಿನ ಬೇಡ ಕಣೆ, ಅವರೂ ಮನುಷ್ಯರೇ" ಎಂದಳು. ಅವಳದು ದೊಡ್ಡ ಮನಸ್ಸು. ನನ್ನದಲ್ಲ. ಬೇರೆ ಯಾವ ದಿನ ನೀವು ನನಗೆ ಮೈಕು ಕೊಡುತ್ತಿದ್ದಿರಿ?

ನಿರ್ದೇಶಕರೇ, ಅಂಟಿಸಿದ್ದು ಅವಸರ. ದೊಡ್ಡವರು ಬರುತ್ತಿದ್ದರು, ನೀವು ಹೆದರಿದ್ದಿರಿ, ಅದನ್ನು ಯಾರಾದರೂ ಕ್ಷಮಿಸಬಹುದು. ವಿಚಾರಣೆಯ ಕೋಣೆಯಲ್ಲಿ ಫ್ಯಾನಿನ ಸದ್ದಷ್ಟೇ ಕೇಳುತ್ತಿದ್ದ ಆ ಸ್ವಲ್ಪ ಹೊತ್ತು ಅವಸರವಲ್ಲ. ಆಗ ನಿಮಗೆ ಬೇಕಾದಷ್ಟು ಸಮಯವಿತ್ತು. ಈಗಲೂ ಇದೆ. ಇಂದು ಸಂಜೆ ಕಚೇರಿ ಮುಚ್ಚುವವರೆಗೆ ಈ ಸಂಸ್ಥೆಯಲ್ಲಿ ನಿಮ್ಮ ರುಜುವಿಗೆ ಬೆಲೆಯಿದೆ.

ನನ್ನನ್ನು ಕರೆದ ವೇದಿಕೆಗೆ, ತಡೆಯದೆ ಕೇಳಿದ ಸಭಿಕರಿಗೆ, ನಿಜ ಹೇಳಿದ ಪರದೆ ಮಾಮನಿಗೆ ಧನ್ಯವಾದಗಳು. ಹೂಗುಚ್ಛಕ್ಕೆ ಮೊದಲು, ಫಲಕಕ್ಕೆ ಮೊದಲು, ಇಷ್ಟು ಜನರ ಎದುರಿಗೆ ಎರಡು ಮಾತಿಗೆ ಉತ್ತರ ಬೇಕು. "ಅಳತೆ ನೋಡಿ ಅಂಟಿಸಯ್ಯ" ಎಂದವರು ನೀವು, ಹೌದೋ ಅಲ್ಲವೋ? ನಾಡಿದ್ದಿನ ಆದೇಶವನ್ನು ಇಲ್ಲೇ ಹಿಂತೆಗೆದುಕೊಳ್ಳುತ್ತೀರೋ ಇಲ್ಲವೋ?

ಎಲ್ಲರಿಗೂ ನಮಸ್ಕಾರ. ನಾನು ಕೆಳಗಿಳಿಯುತ್ತಿಲ್ಲ. ಮೈಕನ್ನು ನಿಮ್ಮ ಕಡೆಗೆ ತಿರುಗಿಸಿದ್ದೇನೆ, ನಿರ್ದೇಶಕರೇ. ಹೇಳಿ.